ಬಣ್ಣ ಹಾಕಿದ್ದು ಎಲ್ಲಿಂದ? ಹಿಸ್ಟರೆಕ್ಟಮಿಯಲ್ಲಿ ಯುರೆಟರ್, ಬ್ಲ್ಯಾಡರ್ ಗಾಯ ಪತ್ತೆ

ಹಿಸ್ಟರೆಕ್ಟಮಿಯ (ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯ) ಹಂತಗಳು ಗೊತ್ತಿವೆ ಅಂದುಕೊಂಡೇ ಬರೆಯುತ್ತಿದ್ದೇನೆ. ರಿಪೇರಿಯ ವಿಷಯವೂ ಇಲ್ಲಿಲ್ಲ. ಹೊಟ್ಟೆ ಮುಚ್ಚುವ ಮೊದಲೇ ಯುರೆಟರ್‌ಗೆ (ಕಿಡ್ನಿಯಿಂದ ಮೂತ್ರ ತರುವ ನಾಳಕ್ಕೆ) ಅಥವಾ ಬ್ಲ್ಯಾಡರ್‌ಗೆ (ಮೂತ್ರಕೋಶಕ್ಕೆ) ಗಾಯ ಆಗಿದೆಯೋ ಇಲ್ಲವೋ ತಿಳಿಯುವುದು ಹೇಗೆ, ಅಷ್ಟಕ್ಕೇ ಈ ಟಿಪ್ಪಣಿ.

ಜಾಗಗಳು, ಬೇಗಬೇಗ

ಯುರೆಟರ್‌ಗೆ ಪೆಟ್ಟಾಗುವುದು ಪೆಲ್ವಿಕ್ ಬ್ರಿಮ್ (ಸೊಂಟದ ಕುಳಿಯ ಮೇಲಂಚು) ಹತ್ತಿರ ಇನ್‌ಫಂಡಿಬುಲೊಪೆಲ್ವಿಕ್ ಲಿಗಮೆಂಟ್ (ಅಂಡಾಶಯದ ರಕ್ತನಾಳಗಳಿರುವ ಪಟ್ಟಿ) ಕಟ್ಟುವಾಗ, ಯುಟರೈನ್ ಆರ್ಟರಿಗೆ (ಗರ್ಭಕೋಶದ ರಕ್ತನಾಳಕ್ಕೆ) ಕ್ಲ್ಯಾಂಪ್ ಹಾಕುವಾಗ, ಯುಟೆರೊಸೇಕ್ರಲ್ ಲಿಗಮೆಂಟ್ ಬಳಿ, ಮತ್ತೆ ಕಫ್‌ನ (ಗರ್ಭಕೋಶ ತೆಗೆದ ಮೇಲೆ ಮುಚ್ಚುವ ಯೋನಿಯ ತುದಿಯ) ಮೂಲೆಗೆ ಹೊಲಿಗೆ ಹಾಕುವಾಗ. ಆರ್ಟರಿ ಮೇಲೆ, ಯುರೆಟರ್ ಕೆಳಗೆ: ‘ಸೇತುವೆ ಕೆಳಗೆ ನೀರು’ ಎಲ್ಲರಿಗೂ ಬಾಯಿಪಾಠ. ಅಲ್ಲಿ ಸರ್ವಿಕ್ಸ್‌ನಿಂದ (ಗರ್ಭಕೋಶದ ಕೊರಳಿನಿಂದ) ಇರುವ ದೂರ ಸುಮಾರು 1.5ರಿಂದ 2 ಸೆಂ.ಮೀ. ಮಾತ್ರ. ಎಂಡೋಮೆಟ್ರಿಯೋಸಿಸ್ ಅಥವಾ ಬ್ರಾಡ್ ಲಿಗಮೆಂಟ್ ಫೈಬ್ರಾಯ್ಡ್ ಇದ್ದರೆ ಆ ಲೆಕ್ಕವನ್ನೂ ನಂಬುವಂತಿಲ್ಲ. ಬ್ಲ್ಯಾಡರ್‌ಗಾದರೆ ಹಳೆಯ ಸಿಸೇರಿಯನ್ನೇ ದೊಡ್ಡ ಶತ್ರು.

ಕಣ್ಣು ಎಷ್ಟು ಹೇಳುತ್ತದೆ?

ಬ್ಲ್ಯಾಡರ್ ಗಾಯ ಸಾಮಾನ್ಯವಾಗಿ ತಾನೇ ತೋರಿಸಿಕೊಳ್ಳುತ್ತದೆ. ಫೋಲಿಯ (ಬ್ಲ್ಯಾಡರ್‌ಗೆ ಹಾಕಿದ ಮೂತ್ರದ ಕೆತೀಟರ್‌ನ) ಬಲೂನ್ ಕಾಣುತ್ತದೆ, ಮೂತ್ರ ಜಿನುಗುತ್ತದೆ, ಚೀಲಕ್ಕೆ ರಕ್ತ ಬರುತ್ತದೆ. ಲ್ಯಾಪರೋಸ್ಕೋಪಿಯಲ್ಲಾದರೆ ಕೆತೀಟರ್‌ಗೆ ತಗುಲಿಸಿದ ಆ ಚೀಲ ಗ್ಯಾಸ್ ತುಂಬಿ ಉಬ್ಬುತ್ತದೆ. ಯುರೆಟರ್ ಹಾಗಲ್ಲ. ಹೊಲಿಗೆಯೊಳಗೆ ಸಿಕ್ಕಿಕೊಂಡರೆ ಏನೂ ಸೋರುವುದಿಲ್ಲ, ಸುಟ್ಟರೆ ಆ ಹೊತ್ತಿಗೆ ಏನೂ ಕಾಣುವುದಿಲ್ಲ. ‘ಪೆರಿಸ್ಟಾಲ್ಸಿಸ್ (ನಾಳದ ಗೋಡೆಯ ಅಲೆಯಂಥ ಚಲನೆ) ನೋಡಿದೆ, ಹಾಗಾಗಿ ಸರಿ ಇದೆ’ ಅನ್ನುವ ಉತ್ತರ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ನಿಲ್ಲುವುದಿಲ್ಲ. ಗಾಯವಾದ ಯುರೆಟರ್ ಕೂಡ ಹರಿದಾಡುತ್ತದೆ. ಪೆರಿಸ್ಟಾಲ್ಸಿಸ್‌ನಿಂದ ಅದು ಯುರೆಟರ್ ಎಂದು ಗೊತ್ತಾಗುತ್ತದೆ, ಅದು ಕ್ಷೇಮವಾಗಿದೆ ಎಂದು ಗೊತ್ತಾಗುವುದಿಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಿಸ್ಟರೆಕ್ಟಮಿಯಾದ ಎಲ್ಲರಿಗೂ ಸಿಸ್ಟೋಸ್ಕೋಪಿ (ದರ್ಶಕ ಹಾಕಿ ಬ್ಲ್ಯಾಡರ್‌ನೊಳಗೆ ನೋಡುವ ಪರೀಕ್ಷೆ) ಮಾಡಿದ್ದರು. ಅದಕ್ಕೆ ಮೊದಲು ಬರಿಗಣ್ಣಿಗೆ ಸಿಕ್ಕಿದ್ದು ಒಟ್ಟು ಗಾಯಗಳ ಕಾಲುಭಾಗದಷ್ಟೇ.

ಬಣ್ಣ: ನನಗೆ ತಲೆ ಕೆಟ್ಟಿದ್ದು ಇಲ್ಲಿ

ಪುಸ್ತಕಗಳು ‘ಮೆಥಿಲೀನ್ ಬ್ಲೂ ಬಳಸಿ’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಆದರೆ ಅದನ್ನು ಹಾಕುವ ದಾರಿಗಳು ಎರಡು, ಅವು ಉತ್ತರಿಸುವ ಪ್ರಶ್ನೆಗಳೂ ಎರಡು. ಯಾವಾಗಲೂ ಬಣ್ಣ ಎಲ್ಲಿಂದ ಹೊರಟಿತು ಎಂದು ಮೊದಲು ಕೇಳಿಕೊಳ್ಳಿ.

ಫೋಲಿ ಮೂಲಕ ಹಾಕಿದರೆ ಬಣ್ಣ ಬ್ಲ್ಯಾಡರ್‌ನಲ್ಲೇ ನಿಲ್ಲುತ್ತದೆ. 200ರಿಂದ 300 ಮಿ.ಲೀ. ಸಲೈನ್‌ಗೆ ಬೆರೆಸಿ ತುಂಬಿ, ಕೆತೀಟರ್ ಕ್ಲ್ಯಾಂಪ್ ಮಾಡಿ, ಹೊರಗೆ ನೀಲಿ ಕಾಣುತ್ತದೋ ನೋಡುವುದು. ಕಂಡರೆ ಬ್ಲ್ಯಾಡರ್ ತೂತಾಗಿದೆ. ಕಾಣದಿದ್ದರೆ? ಬ್ಲ್ಯಾಡರ್ ಸರಿ ಇದೆ ಎನ್ನಬಹುದು. ಯುರೆಟರ್ ಬಗ್ಗೆ ಒಂದಕ್ಷರವೂ ಹೇಳುವಂತಿಲ್ಲ, ಏಕೆಂದರೆ ರಿಫ್ಲಕ್ಸ್ (ಮೂತ್ರ ಹಿಂದಕ್ಕೆ ಹರಿಯುವ ತೊಂದರೆ) ಇಲ್ಲದವರಲ್ಲಿ ಬಣ್ಣ ಬ್ಲ್ಯಾಡರ್‌ನಿಂದ ಮೇಲಕ್ಕೆ ಹತ್ತುವುದಿಲ್ಲ. ಎರಡೂ ಯುರೆಟರ್ ಕಟ್ಟಿಹೋಗಿದ್ದರೂ ಈ ಪರೀಕ್ಷೆ ಚೊಕ್ಕವಾಗಿ ಪಾಸಾಗುತ್ತದೆ!

ರಕ್ತನಾಳಕ್ಕೆ ಕೊಟ್ಟರೆ ಬಣ್ಣ ಕಿಡ್ನಿಯಿಂದ ಹೊರಟು ಕೆಳಗಿಳಿಯುತ್ತದೆ. ಸಿಸ್ಟೋಸ್ಕೋಪಿಯಲ್ಲಿ ಬ್ಲ್ಯಾಡರ್‌ಗೆ ಯುರೆಟರ್ ತೆರೆದುಕೊಳ್ಳುವ ಎರಡೂ ಆರಿಫಿಸ್‌ಗಳಿಂದ ಬಣ್ಣದ ಜೆಟ್ ಚಿಮ್ಮಬೇಕು. ಈ ದಾರಿಯಲ್ಲಿ ಹೊಟ್ಟೆಯೊಳಗೆ ನೀಲಿ ಕಂಡರೆ ಮಾತ್ರ ಅದು ಕತ್ತರಿಸಿದ ಯುರೆಟರ್‌ನದೂ ಇರಬಹುದು, ಬ್ಲ್ಯಾಡರ್‌ನದೂ ಇರಬಹುದು.

ಇದರಿಂದ ಬರುವ ಪ್ರಾಯೋಗಿಕ ತೊಡಕು ಒಂದಿದೆ. ಮೊದಲೇ ಬ್ಲ್ಯಾಡರ್‌ಗೆ ನೀಲಿ ತುಂಬಿಬಿಟ್ಟರೆ ಆಮೇಲೆ ನೀಲಿಯೊಳಗೆ ನೀಲಿ ಜೆಟ್ ಹುಡುಕಬೇಕಾಗುತ್ತದೆ. ಟಿಶ್ಯೂಗೂ ಬಣ್ಣ ಹಿಡಿಯುತ್ತದೆ, ಹೊಲಿಗೆ ಹಾಕಿ ಮತ್ತೆ ಪರೀಕ್ಷಿಸುವಾಗ ಹಳೆಯ ಕಲೆ ಯಾವುದು ಹೊಸ ಸೋರಿಕೆ ಯಾವುದು ತಿಳಿಯುವುದಿಲ್ಲ. ಹಾಗಾಗಿ ಕೆಲವರು ಬ್ಲ್ಯಾಡರ್‌ಗೆ ಕ್ರಿಮಿರಹಿತ ಹಾಲು, ಅಂದರೆ ಶಿಶುಗಳ ಫಾರ್ಮುಲಾ, ತುಂಬುತ್ತಾರೆ. ಕಲೆ ಉಳಿಯದು, ಎಷ್ಟು ಸಲ ಬೇಕಾದರೂ ಮಾಡಬಹುದು. ನನಗೆ ತುಂಬಾ ಹಿಡಿಸಿದ ಉಪಾಯ.

ರಕ್ತನಾಳಕ್ಕೆ ಮೆಥಿಲೀನ್ ಬ್ಲೂ ಕೊಡುವ ಮೊದಲು ಎರಡು ಪ್ರಶ್ನೆ: ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದೆಯೇ? ಎಸ್‌ಎಸ್‌ಆರ್‌ಐ ಗುಂಪಿನ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ? ಮೊದಲನೆಯದರಲ್ಲಿ ಹೀಮೊಲಿಸಿಸ್ (ಕೆಂಪು ರಕ್ತಕಣ ಒಡೆಯುವುದು), ಎರಡನೆಯದರಲ್ಲಿ ಸೆರಟೋನಿನ್ ಸಿಂಡ್ರೋಮ್‌ನ ಭಯ. ಅರಿವಳಿಕೆ ವೈದ್ಯರಿಗೂ ಮುಂಚೆಯೇ ಹೇಳಿ. ಪಲ್ಸ್ ಆಕ್ಸಿಮೀಟರ್ ಸ್ವಲ್ಪ ಹೊತ್ತು ಸುಳ್ಳೇ ಕಡಿಮೆ ಅಂಕಿ ತೋರಿಸುತ್ತದೆ. ಬದಲಿಗೆ ಸೋಡಿಯಂ ಫ್ಲೂರೊಸೀನ್ ಕೊಡಬಹುದು, 10% ದ್ರಾವಣದ 1 ಮಿ.ಲೀ.ಗಿಂತ ಕಡಿಮೆಯೇ ಸಾಕು, ಹಳದಿ ಜೆಟ್ ಚೆನ್ನಾಗಿ ಕಾಣುತ್ತದೆ. ಮುಂಚಿತವಾಗಿ ಯೋಜಿಸಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲು ಫಿನಾಜೊಪಿರಿಡಿನ್ 200 ಮಿ.ಗ್ರಾಂ. ಮಾತ್ರೆ, ಆಗ ಜೆಟ್ ಕಿತ್ತಳೆ ಬಣ್ಣ. ಯಾವ ಬಣ್ಣವೂ ಇಲ್ಲದಾಗ ಸಲೈನ್ ಬದಲು 10% ಡೆಕ್ಸ್‌ಟ್ರೋಸ್‌ನಿಂದ ಬ್ಲ್ಯಾಡರ್ ತುಂಬುವುದು. ಸಾಂದ್ರತೆಯ ವ್ಯತ್ಯಾಸದಿಂದಲೇ ಜೆಟ್ ಎದ್ದು ಕಾಣುತ್ತದೆ.

ಜೆಟ್ ಬರದಿದ್ದರೆ

ಗಾಬರಿ ಬೇಡ, ಮೊದಲು ಕಾಯಿರಿ. ಒಣಗಿದ ರೋಗಿ, ತಲೆ ತಗ್ಗಿಸಿದ ಟೇಬಲ್, ಹೊಟ್ಟೆಯೊಳಗಿನ ಗ್ಯಾಸ್ ಒತ್ತಡ, ಈ ಮೂರೂ ಜೆಟ್ ತಡಮಾಡುತ್ತವೆ. ಟೇಬಲ್ ಸರಿಮಾಡಿ, ಗ್ಯಾಸ್ ಬಿಡಿಸಿ, ಐವಿ ಫ್ಲೂಯಿಡ್ ಕೊಟ್ಟು, ಬೇಕಾದರೆ ಮೂತ್ರ ಹೆಚ್ಚಿಸುವ ಫ್ರೂಸೆಮೈಡ್ ಕೊಟ್ಟು ಮತ್ತೆ ನೋಡುವುದು. ಹಳೆಯ ಸ್ಕ್ಯಾನ್‌ನಲ್ಲಿ ಆ ಕಡೆ ಕಿಡ್ನಿ ಇದೆಯೇ, ಕೆಲಸ ಮಾಡುತ್ತಿದೆಯೇ ಎಂದೂ ನೋಡಿ. ಆಮೇಲೂ ಒಂದೇ ಕಡೆ ಇಲ್ಲವೆಂದರೆ ಆ ಕಡೆ ಯುರೆಟರಿಕ್ ಕೆತೀಟರ್ ಹಾಕಿ ನೋಡುವುದು, ರೆಟ್ರೋಗ್ರೇಡ್ ಪೈಲೋಗ್ರಾಂ (ಕೆಳಗಿನಿಂದ ಯುರೆಟರ್‌ಗೆ ಕಾಂಟ್ರಾಸ್ಟ್ ಹಾಕಿ ತೆಗೆಯುವ ಎಕ್ಸ್‌ರೇ), ಕಫ್ ಮೂಲೆಯ ಅನುಮಾನದ ಹೊಲಿಗೆ ಬಿಚ್ಚಿ ಮತ್ತೆ ನೋಡುವುದು. ಯುರಾಲಜಿಯವರನ್ನು ಕರೆಯಬೇಕಾದದ್ದೂ ಈಗಲೇ.

ಜೆಟ್ ಬಂದರೂ ಪೂರ್ತಿ ನಿಶ್ಚಿಂತೆ ಇಲ್ಲ. ಅರ್ಧ ಹಿಡಿದ ಹೊಲಿಗೆ, ಶಾಖದ ಗಾಯ, ರಕ್ತಸಂಚಾರ ತಪ್ಪಿದ ಗೋಡೆ ಇವೆಲ್ಲ ಆ ದಿನ ಜೆಟ್ ಕೊಡುತ್ತವೆ, ದಿನಗಳ ನಂತರ ಸೋರುತ್ತವೆ. ಸೊಂಟದ ಪಕ್ಕದ ನೋವು, ಜ್ವರ, ಹೊಟ್ಟೆ ಉಬ್ಬರ, ಯೋನಿಯಿಂದ ನೀರು ಹೋಗುವುದು, ಇವೇ ಅದರ ಸುಳಿವುಗಳು. ಡ್ರೇನ್ ದ್ರವದ ಕ್ರಿಯೇಟಿನಿನ್ ರಕ್ತದ್ದಕ್ಕಿಂತ ಬಹಳ ಹೆಚ್ಚಿದ್ದರೆ ಅದು ಮೂತ್ರವೇ.

ಆಗಲೂ ಬಣ್ಣದ ಅದೇ ತರ್ಕ ಕೆಲಸಕ್ಕೆ ಬರುತ್ತದೆ. ಬಾಯಿಂದ ಫಿನಾಜೊಪಿರಿಡಿನ್, ಬ್ಲ್ಯಾಡರ್‌ಗೆ ಮೆಥಿಲೀನ್ ಬ್ಲೂ, ಯೋನಿಯಲ್ಲಿ ಟ್ಯಾಂಪೂನ್. ನೀಲಿಯಾದರೆ ಬ್ಲ್ಯಾಡರ್‌ನ ಫಿಸ್ಟುಲಾ (ಯೋನಿಗೆ ಆದ ಅಸಹಜ ದಾರಿ), ನೀಲಿಯಿಲ್ಲದೆ ಕಿತ್ತಳೆ ಮಾತ್ರ ಹಿಡಿದರೆ ಯುರೆಟರ್‌ನದು.