ಕೇಪಿನ ರಿವಾಲ್ವರ್‌ಗೆ ತೋಟಾ ಸಿಲಿಂಡರ್ ಹಾಕೋ ಮುಂಚೆ

ಹೋದ ಚಳಿಗಾಲದಲ್ಲಿ ನಮ್ಮ ಕಡೆಯ ಹುಡುಗ ಒಬ್ಬ ನನ್ನ ಬೆಂಚಿನ ಮೇಲೆ ಒಂದು ರಿವಾಲ್ವರ್ ತಂದಿಟ್ಟ. ದಾವಣಗೆರೆಯವನು, ಇಲ್ಲಿ ಇಂಡಿಯಾನಾದಲ್ಲಿ ಸಾಫ್ಟ್‌ವೇರ್ ಕೆಲಸ. 1851ರ ಕೋಲ್ಟ್ ನೇವಿ ಮಾದರಿಯ ಇಟಲಿ ರೆಪ್ಲಿಕಾ, 44 ಕ್ಯಾಲಿಬರ್, ಹಿತ್ತಾಳೆ ಫ್ರೇಮು, ಫಳಫಳ ಹೊಳೀತಿತ್ತು. ಜೊತೆಗೆ ಇನ್ನೊಂದು ಡಬ್ಬಿಯಲ್ಲಿ ಹೊಸ ಕನ್ವರ್ಶನ್ ಸಿಲಿಂಡರ್, ಅಂದ್ರೆ ಮದ್ದು, ಗುಂಡು, ಕೇಪು ಎಲ್ಲ ಒಂದರಲ್ಲೇ ಇರೋ ತೋಟಾ ಹಾರಿಸೋಕೆ ಹಾಕೋ ಬದಲಿ ಸಿಲಿಂಡರ್. "ಅಣ್ಣ, ಇದನ್ನ ಹಾಕಿಕೊಡಿ, ತೋಟಾ ಹೊಡೀಬೇಕು" ಅಂದ.

ಹಾಕಲ್ಲ ಅಂದೆ. ಯಾಕೆ ಅಂತ ಅವತ್ತು ಅವನಿಗೆ ಒಂದು ಗಂಟೆ ಕೂರಿಸಿ ಹೇಳಿದ್ದನ್ನೇ ಇಲ್ಲಿ ಬರೀತಾ ಇದೀನಿ. ಈ ಪ್ರಶ್ನೆ ಕೇಳುವವರು ಈಗ ಜಾಸ್ತಿಯಾಗಿದ್ದಾರೆ.

ಮಲೆನಾಡಿನವರಿಗೆ, ಕೊಡಗಿನವರಿಗೆ ಕೇಪಿನ ಕೋವಿ ಅಂದ್ರೆ ಬೇರೆ ವಿವರಣೆ ಬೇಡ. ನಳಿಗೆ ಬಾಯಿಂದ ಮದ್ದು ಹಾಕಿ, ಗುಂಡು ಜಡಿದು, ಹಿಂದಿನ ನಿಪ್ಪಲ್ ಮೇಲೆ ತಾಮ್ರದ ಪುಟ್ಟ ಟೋಪಿಯಂಥ ಕೇಪು ಕೂರಿಸಿ, ಕುದುರೆ (ಕೇಪಿಗೆ ಹೊಡೆಯೋ ಸುತ್ತಿಗೆಯಂಥ ಭಾಗ) ಬಡಿದಾಗ ಕಿಡಿ ಒಳಗೆ ಹೋಗಿ ಈಡು ಹಾರುತ್ತೆ. ಈ ರಿವಾಲ್ವರ್‌ನಲ್ಲೂ ಅದೇ ಕೆಲಸ, ಆದರೆ ಆರು ಸಲ. ಸಿಲಿಂಡರ್‌ನ ಆರು ಕೋಣೆಗಳಿಗೂ ಮುಂದಿನಿಂದ ಮದ್ದು, ಗುಂಡು. ಹಿಂದೆ ಆರು ನಿಪ್ಪಲ್, ಆರು ಕೇಪು. ಗುಂಡು ಕೋಣೆಯ ಬಾಯಿಗಿಂತ ಕೂದಲೆಳೆಯಷ್ಟು ದಪ್ಪ ಇರಬೇಕು. ಗುಂಡು ಜಡಿಯೋಕೆ ನಳಿಗೆ ಕೆಳಗಿನ ಲಿವರ್ ಒತ್ತಿದಾಗ ಸೀಸದ ತೆಳ್ಳನೆ ಬಳೆಯೊಂದು ಕತ್ತರಿಸಿ ಹೊರಗೆ ಬೀಳಬೇಕು. ಆ ಬಳೆ ಬಿದ್ದರೆ ಗುಂಡು ಬಿಗಿಯಾಗಿ ಕೂತಿದೆ ಅಂತ ಅರ್ಥ. ಬೀಳಲಿಲ್ಲವಾ, ಸಂದಿಯಿಂದ ಬೆಂಕಿ ಪಕ್ಕದ ಕೋಣೆಗೆ ಹೋಗಿ ಎರಡು ಮೂರು ಈಡು ಒಟ್ಟಿಗೆ ಹಾರಬಹುದು. ಸಡಿಲ ಕೇಪಿನಿಂದಲೂ ಹೀಗಾಗುತ್ತೆ. ಅದಕ್ಕೇ ಕೇಪು ನಿಪ್ಪಲ್‌ಗೆ ಸರಿಯಾದ ಅಳತೆಯದ್ದೇ ಇರಲಿ, ಗುಂಡಿನ ಮೇಲೆ ಗ್ರೀಸ್ ಇರಲಿ.

ಇನ್ನು ತೋಟಾಗೆ ಬದಲಾಯಿಸೋ ವಿಷಯ. ಇದು ಇವತ್ತಿನ ಹುಚ್ಚಲ್ಲ. ಸಿಲಿಂಡರನ್ನು ಹಿಂದಿನಿಂದ ಮುಂದಿನವರೆಗೆ ಆರಪಾರ ಕೊರೆದು ಹಿಂದಿನಿಂದ ತೋಟಾ ಹಾಕುವ ಪೇಟೆಂಟು 1855ರಲ್ಲಿ ರೋಲಿನ್ ವೈಟ್‌ಗೆ ಸಿಕ್ಕಿತು. ಅದರ ಹಕ್ಕನ್ನು ಸ್ಮಿತ್ ಅಂಡ್ ವೆಸನ್ ಪಡೆದುಕೊಂಡು 1857ರಿಂದ ತೋಟಾ ರಿವಾಲ್ವರ್ ಮಾರಿತು, ಒಂದೊಂದಕ್ಕೆ ವೈಟ್‌ಗೆ 25 ಸೆಂಟ್ ಕೊಟ್ಟು. ಆದರೆ ಪೇಟೆಂಟ್ ಕದ್ದವರ ಮೇಲೆ ಕೇಸು ಹಾಕೋ ಜವಾಬ್ದಾರಿ ವೈಟ್‌ನದೇ. ಪಾಪ, ಬಂದ ದುಡ್ಡೆಲ್ಲ ಕೋರ್ಟಿಗೆ ಸುರಿದ. ಬೇರೆ ಕಂಪನಿಗಳು ಇಂಥದ್ದನ್ನು ಮಾಡುವ ಹಾಗಿರಲಿಲ್ಲ. ಹೀಗಾಗಿ ಅಮೆರಿಕದ ಅಂತರ್ಯುದ್ಧ ಪೂರ್ತಿ ಸೈನಿಕರ ಸೊಂಟದಲ್ಲಿದ್ದದ್ದು ಬಹುಪಾಲು ಕೇಪಿನ ರಿವಾಲ್ವರೇ. ರೆಮಿಂಗ್ಟನ್ 1868ರಲ್ಲಿ ರಾಯಲ್ಟಿ ಕಟ್ಟಿ ತನ್ನ ಆರ್ಮಿ ರಿವಾಲ್ವರ್‌ಗಳನ್ನು ತೋಟಾಗೆ ಬದಲಾಯಿಸೋಕೆ ಶುರು ಮಾಡಿತು. 1869ರಲ್ಲಿ ಪೇಟೆಂಟ್ ಮುಗಿಯಿತು. ಅದನ್ನು ಮುಂದುವರಿಸೋ ದಾರಿ ಮಾಡಿಕೊಡುವ ಮಸೂದೆಯನ್ನು 1870ರ ಜನವರಿಯಲ್ಲಿ ಅಧ್ಯಕ್ಷ ಗ್ರಾಂಟ್ ತಡೆದರು. ಆಮೇಲೆ ಕೋಲ್ಟ್ ಕೂಡ ಗೋದಾಮಿನಲ್ಲಿ ಉಳಿದಿದ್ದ ಕೇಪಿನ ಭಾಗಗಳನ್ನೇ ಬಳಸಿ ತೋಟಾ ರಿವಾಲ್ವರ್ ಮಾಡಿತು. 1873ರ ಪ್ರಸಿದ್ಧ ಸಿಂಗಲ್ ಆಕ್ಷನ್ ಆರ್ಮಿ ಬರುವ ತನಕ ಇವೇ ನಡೆದವು. ಆ ಕಾಲದ್ದೇ ಅಸಲಿ ರಿವಾಲ್ವರ್ ನಿಮ್ಮ ಕೈಗೆ ಸಿಕ್ಕರೆ ದಯವಿಟ್ಟು ಅದಕ್ಕೆ ಉಳಿ, ಫೈಲು ಮುಟ್ಟಿಸಬೇಡಿ. ನಾನು ಹೇಳ್ತಿರೋದೆಲ್ಲ ರೆಪ್ಲಿಕಾ ಬಗ್ಗೆ ಮಾತ್ರ.

ರೆಪ್ಲಿಕಾಗಳು ಹೆಚ್ಚಿನವು ಬರೋದು ಇಟಲಿಯ ಬ್ರೆಶಾ ಪಕ್ಕದ ಟ್ರೊಂಪಿಯಾ ಕಣಿವೆಯ ಕಡೆಯಿಂದ. ಉಬರ್ಟಿ, ಪಿಯೆಟ್ಟಾ ಎರಡೂ ಕಂಪನಿ ಆ ಸೀಮೆಯವೇ. ನಳಿಗೆ ಮೇಲೆ ಕರಿಮದ್ದು ಮಾತ್ರ ಅಂತ ಇಂಗ್ಲಿಷಿನಲ್ಲಿ ಕೊರೆದಿರುತ್ತೆ. ಅದನ್ನು ಅಲಂಕಾರ ಅಂತ ತಿಳೀಬೇಡಿ. ಇವತ್ತಿನ ಹೊಗೆಯಿಲ್ಲದ ಮದ್ದನ್ನು ಕೇಪಿನ ಸಿಲಿಂಡರ್‌ಗೆ ಹಾಕಿದರೆ, ಕರಿಮದ್ದಿನ ಅಳತೆಯಲ್ಲೇ ಹಾಕಿದರೂ, ಸಿಲಿಂಡರ್ ಸಿಡಿದು ಮುಖಕ್ಕೆ ಬರುತ್ತೆ. ಇದರಲ್ಲಿ ಸ್ವಲ್ಪ ಹಾಕಿ ನೋಡೋಣ ಅನ್ನೋ ಮಾತೇ ಇಲ್ಲ.

ಕನ್ವರ್ಶನ್ ಸಿಲಿಂಡರ್ ಬೇರೆ, ಗಟ್ಟಿ ಉಕ್ಕಿನದು. 44 ಅಂತ ಹೆಸರಿರೋ ರಿವಾಲ್ವರ್‌ಗೆ 45 ಕೋಲ್ಟ್ ತೋಟಾ ಹೇಗೆ ಹಿಡಿಯುತ್ತೆ ಅಂತ ಎಲ್ಲರೂ ಕೇಳ್ತಾರೆ. ಹೆಸರು ಹಳೇ ಲೆಕ್ಕದ್ದು. ಕೇಪಿನ 44ಕ್ಕೆ ನಾವು ಹಾಕೋ ಗುಂಡೇ 0.451 ಅಥವಾ 0.454 ಇಂಚು, 45 ಕೋಲ್ಟ್ ಗುಂಡು 0.452ರ ಆಸುಪಾಸು. ಹಾಗಾಗಿ ನಳಿಗೆ ಬದಲಾಯಿಸೋದು ಬೇಡ. 36 ಕ್ಯಾಲಿಬರ್‌ನಲ್ಲಿ ಕಥೆ ಉಲ್ಟಾ. ಅದರ ನಳಿಗೆ 0.375 ಇಂಚಿನ ಹತ್ತಿರ, ಇವತ್ತಿನ 38ರ ಗುಂಡು ಬರೀ 0.357. ಸಡಿಲವಾಗಿ ಜಾರಿಕೊಂಡು ಹೋಗಿ ಗುರಿ ಎಲ್ಲೆಲ್ಲೋ. ಬುಡ ಟೊಳ್ಳಾದ ಮೆತ್ತನೆ ಸೀಸದ ಗುಂಡು ಬೇಕು, ಬುಡ ಅರಳಿ ನಳಿಗೆ ಹಿಡಿಯೋ ಹಾಗೆ.

ಇನ್ನೊಂದು ಸೂಕ್ಷ್ಮ ಇದೆ. 45 ಕೋಲ್ಟ್ ತೋಟಾದ ಹಿಂದಿನ ಅಂಚು ಅಗಲ. ಈ ಪುಟ್ಟ ಸಿಲಿಂಡರ್‌ನ ಹಿಂಬದಿಯಲ್ಲಿ ಆರು ಅಂಚು ಪಕ್ಕಪಕ್ಕ ಹಿಡಿಯಲ್ಲ. ಕೆಲವರು ಐದೇ ಕೋಣೆ ಮಾಡಿದರು. ಕೆಲವರು ಆರೂ ಕೋಣೆಗಳನ್ನು ಕಣ್ಣಿಗೆ ಕಾಣದಷ್ಟು ಓರೆಯಾಗಿ ಕೊರೆದು ಹಿಂಬದಿ ಜಾಗ ಮಾಡಿಕೊಂಡರು. ಆ ಕೆಲಸ ನೋಡಿದಾಗೆಲ್ಲ ನನಗೆ ಕೈ ಮುಗಿಯಬೇಕು ಅನಿಸುತ್ತೆ.

ಆದರೆ ಸಿಲಿಂಡರ್ ಎಷ್ಟೇ ಗಟ್ಟಿ ಇರಲಿ, ಪೆಟ್ಟು ತಿನ್ನೋದು ಫ್ರೇಮು. ಅದು ಬದಲಾಗಿಲ್ಲ. ಹುಡುಗನ ರಿವಾಲ್ವರ್‌ನ ವೆಜ್ (ನಳಿಗೆ ಹಿಡಿದಿಡೋ ಬೆಣೆ) ತಟ್ಟಿ ತೆಗೆದು ನಳಿಗೆ ಕಳಚಿದೆ, ಸಿಲಿಂಡರ್ ಹೊರಗೆ ಎಳೆದೆ, ಹಿಂದಿನ ಹಿತ್ತಾಳೆ ಗೋಡೆಯ ಮೇಲೆ ಟಾರ್ಚ್ ಬಿಟ್ಟೆ. ಸಿಲಿಂಡರ್ ಹಿಂಬದಿಯ ಹಲ್ಲುಗಳ ಅಚ್ಚು ಅಲ್ಲಿ ಉಂಗುರದ ಹಾಗೆ ಮೂಡಿತ್ತು, ಹಿಟ್ಟಿನ ಮೇಲೆ ಅಚ್ಚು ಒತ್ತಿದಂತೆ. ಬೆರಳ ತುದಿಗೆ ಸಿಗುವಷ್ಟು ಆಳ. ಕೇಳಿದರೆ, ಪ್ರತಿ ಸಲ ಕೋಣೆ ತುಂಬ ಮದ್ದು ಹಾಕ್ತಿದ್ದೆ ಅಂದ. ಮತ್ತೆ ಜೋಡಿಸಿ, ಸಿಲಿಂಡರನ್ನು ಹಿಂದಕ್ಕೆ ಒತ್ತಿ ಹಿಡಿದು, ನಳಿಗೆಗೂ ಅದಕ್ಕೂ ಮಧ್ಯೆ ಸಂದಿ ಅಳೆಯೋ ತೆಳು ಎಲೆಗಳ ಫೀಲರ್ ಗೇಜ್ ತೂರಿಸಿದೆ. ನಾನು 0.006 ಇಂಚು ಇದ್ದರೆ ಸಮಾಧಾನ ಪಡ್ತೀನಿ. ಇಲ್ಲಿ 0.018ರ ಎಲೆ ಸಲೀಸಾಗಿ ಒಳಗೆ ಹೋಯ್ತು. ಕರಿಮದ್ದಿಗೇ ಹೀಗಾದ ಫ್ರೇಮಿಗೆ ತೋಟಾ ಹಾಕಿದರೆ ಏನಾಗುತ್ತೆ ಹೇಳಿ. ಹಿತ್ತಾಳೆ ಫ್ರೇಮಿಗೆ ಹಾಕಬೇಡಿ ಅಂತ ಸಿಲಿಂಡರ್ ಮಾಡುವವರೇ ಕಾಗದದಲ್ಲಿ ಬರೆದಿರ್ತಾರೆ. ಇವನಿಗೆ ಮಾರಿದವರು ಅದನ್ನು ಹೇಳಲೇ ಇಲ್ಲ.

ನನ್ನ ಮಟ್ಟಿಗೆ ಕನ್ವರ್ಶನ್‌ಗೆ ಒಳ್ಳೇದು ಉಕ್ಕಿನ ಫ್ರೇಮಿನ 1858 ರೆಮಿಂಗ್ಟನ್ ಮಾದರಿ. ಸಿಲಿಂಡರ್ ಮೇಲೆ ಹಾಯೋ ಫ್ರೇಮಿನದೇ ಪೂರ್ತಿ ಪಟ್ಟಿ ಇದೆ, ಲಿವರ್ ಇಳಿಸಿ ಪಿನ್ ಎಳೆದರೆ ಸಿಲಿಂಡರ್ ಕೈಗೆ ಬರುತ್ತೆ. ಕರಿಮದ್ದಿನಲ್ಲಿ ಅದಕ್ಕೊಂದು ದೋಷವೂ ಇದೆ. ಪಿನ್ ಸಣ್ಣದು, ಮಸಿ ಹಿಡಿದು ಬೇಗ ಬಿಗಿಯಾಗುತ್ತೆ. ಉಕ್ಕಿನ ಫ್ರೇಮು ಇದ್ದರೂ ಹಗುರ ತೋಟಾನೇ ಹಾಕಿ, ಬರೀ ಸೀಸದ ಗುಂಡು, ಕೌಬಾಯ್ ಲೋಡ್ ಅಂತ ಮಾರುವಂಥದ್ದು. ತಾಮ್ರ ಹೊದಿಸಿದ ಗುಂಡು, ಬೇಟೆಗೆ ಅಂತ ಮಾಡಿದ ಜೋರು ತೋಟಾ ಇವಕ್ಕೆ ಬೇಡ.

ಎರಡನೇ ಕಾರಣ ಇನ್ನೂ ದೊಡ್ಡದು. ಹುಡುಗ ಇರೋದು ಎಚ್-1ಬಿ ವೀಸಾದಲ್ಲಿ.

ಅಮೆರಿಕದ 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ 1898 ಅಥವಾ ಅದಕ್ಕೂ ಮುಂಚಿನ ಆಯುಧಗಳು, ಮತ್ತು ಇವತ್ತಿನ ತೋಟಾ ಹಾರಿಸಲಾಗದ ಇಂಥ ರೆಪ್ಲಿಕಾಗಳು ಆಂಟೀಕ್ ಅನ್ನೋ ಗುಂಪಿಗೆ ಬರುತ್ತವೆ. ಫೆಡರಲ್ ಲೆಕ್ಕದಲ್ಲಿ ಫೈರ್‌ಆರ್ಮ್ ಅಲ್ಲ. ಅದಕ್ಕೇ ಬಹಳ ರಾಜ್ಯಗಳಲ್ಲಿ ಇವು ಅಂಚೆಯಲ್ಲಿ ಮನೆಗೇ ಬರುತ್ತವೆ. ತೋಟಾ ಸಿಲಿಂಡರ್ ಒಳಗೆ ಕೂತ ಕ್ಷಣ ಆ ರಿಯಾಯಿತಿ ಹೋಯ್ತು. ಈಗ ಅದು ಪೂರ್ತಿ ಫೈರ್‌ಆರ್ಮ್. ಎಚ್-1ಬಿ, ವಿದ್ಯಾರ್ಥಿ ವೀಸಾದಂಥವುಗಳಲ್ಲಿ ಇರುವವರು ಫೈರ್‌ಆರ್ಮ್ ಇಟ್ಟುಕೊಳ್ಳೋದು ಫೆಡರಲ್ ಅಪರಾಧ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಇವೆ, ಅದನ್ನು ವಕೀಲರ ಬಾಯಲ್ಲೇ ಕೇಳಿ. 2022ರಿಂದ ಇದಕ್ಕೆ ಶಿಕ್ಷೆ 15 ವರ್ಷದ ತನಕ. ವೀಸಾ, ಗ್ರೀನ್ ಕಾರ್ಡ್ ಕನಸು ಎಲ್ಲ ಒಂದು ಸಿಲಿಂಡರ್‌ಗೆ ಬಲಿ. ಗ್ರೀನ್ ಕಾರ್ಡ್ ಆದವರಿಗೆ ಈ ತೊಡಕಿಲ್ಲ. ಆದರೂ ಸ್ವಂತಕ್ಕೆ ಹಾಕಿಕೊಳ್ಳೋದು ಬೇರೆ, ಹಾಕಿ ಮಾರೋ ವ್ಯಾಪಾರ ಬೇರೆ, ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ರಾಜ್ಯದ ಕಾನೂನು ಮತ್ತೆ ಪ್ರತ್ಯೇಕ. ನ್ಯೂಜೆರ್ಸಿಯಂಥ ಕಡೆ ಬರೀ ಕೇಪಿನ ರಿವಾಲ್ವರ್‌ಗೂ ಪರ್ಮಿಟ್ ಕೇಳ್ತಾರೆ.

ಊರಿಗೆ ಒಯ್ಯಬಹುದಾ ಅಂತಲೂ ಕೇಳ್ತಾರೆ. ಬೇಡವೇ ಬೇಡ. ಭಾರತದಲ್ಲಿ 1959ರ ಆಯುಧ ಕಾಯ್ದೆಗೆ ಈ ಅಮೆರಿಕದ ರಿಯಾಯಿತಿ ಗೊತ್ತಿಲ್ಲ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರೋ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ, ನಿಜ. ಅದು ಲೈಸೆನ್ಸಿನ ವಿನಾಯಿತಿ, ಸೂಟ್‌ಕೇಸಿನಲ್ಲಿ ಆಯುಧ ತರೋಕೆ ಅನುಮತಿ ಅಲ್ಲ.

ಹುಡುಗನ ಮುಖ ಸಪ್ಪಗಾಯ್ತು. ಸಿಲಿಂಡರ್ ವಾಪಸ್ ಕಳಿಸಿದ. ರಿವಾಲ್ವರ್ ನನ್ನ ಹತ್ತಿರವೇ ಬಿಟ್ಟು ಹೋಗಿದ್ದ, ಆರ್ಬರ್ (ಸಿಲಿಂಡರ್ ತಿರುಗೋ ಕಂಬಿ) ಬಿಗಿ ಮಾಡಿ, ನಳಿಗೆ ಅಂತರ ಸರಿಪಡಿಸಿ ಕೊಟ್ಟೆ. ಇನ್ನು ಮೇಲೆ ಮದ್ದು ಅರ್ಧಕ್ಕರ್ಧ ಕಮ್ಮಿ, ಉಳಿದ ಜಾಗಕ್ಕೆ ಜೋಳದ ರವೆ ಅಂದೆ. ಗುಂಡು ಕೋಣೆಯ ಬಾಯಿ ಹತ್ತಿರ ಕೂರುತ್ತೆ, ಗುರಿಯೂ ಸರಿ ಇರುತ್ತೆ, ಫ್ರೇಮೂ ಉಳಿಯುತ್ತೆ. ವಸಂತದಲ್ಲಿ ಫ್ರೆಂಡ್‌ಶಿಪ್ ಅನ್ನೋ ಪುಟ್ಟ ಊರಿಗೆ ಕರ್ಕೊಂಡು ಹೋದೆ. ಕರಿಮದ್ದು ಹೊಡೆಯುವವರ ರಾಷ್ಟ್ರೀಯ ಸಂಘದ ಮೈದಾನ ಅಲ್ಲೇ ಇದೆ. ಮೊದಲ ಈಡಿಗೆ ಬಿಳಿ ಹೊಗೆ ಎದ್ದು ಗುರಿಯೇ ಕಾಣಲಿಲ್ಲ, ಅವನ ಖುಷಿ ನೋಡಬೇಕಿತ್ತು.

ಸಂಜೆ ತೊಳೆಯೋದು ಕಲಿಸಿದೆ. ಬಿಸಿ ನೀರು, ಪಾತ್ರೆ ಸೋಪು, ಕೊಳೆತ ಮೊಟ್ಟೆ ವಾಸನೆ ಹೋಗುವ ತನಕ. ಅವತ್ತೇ ತೊಳೀಬೇಕು, ಮಾರನೇ ದಿನ ಅಂದ್ರೆ ತುಕ್ಕು ಶುರುವಾಗಿರುತ್ತೆ. ಆರೂ ನಿಪ್ಪಲ್ ಬಿಚ್ಚಿ, ಒರೆಸಿ, ಎಳೆಗೆ ಒಂದಿಷ್ಟು ಗ್ರೀಸ್ ಹಚ್ಚಿ ತಿರುಗಿ ಹಾಕಿದ.