ಕಾಟ್ಲಾ ಮೀನು ಸತ್ತಿತು, ಕೊರವ ಏಕೆ ಸಾಯಲಿಲ್ಲ?

ಎರಡು ಮೂರು ದಿನ ಮೋಡ ಕವಿದಿದ್ದು, ಬೆಳಗಿನ ಐದೂವರೆಗೆ ಫೋನ್ ಬಂದರೆ ವಿಷಯವೇನೆಂದು ಕೇಳುವ ಮೊದಲೇ ನನಗೆ ಗೊತ್ತಾಗುತ್ತದೆ. ಮುಳಬಾಗಿಲು ಕಡೆಯ ಕೆರೆಯೊಂದನ್ನು ಗುತ್ತಿಗೆ ಹಿಡಿದವರು ಹೋದ ಮುಂಗಾರಿನಲ್ಲಿ ಹಾಗೆಯೇ ಕರೆದರು. “ಸಾರ್, ಯಾರೋ ಕೆರೆಗೆ ವಿಷ ಹಾಕಿದ್ದಾರೆ. ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ. ಪೊಲೀಸ್ ಠಾಣೆಗೆ ಹೊರಟಿದ್ದೇನೆ.” ಠಾಣೆ ಇರಲಿ, ಮೊದಲು ಕೊರವ ಮೀನು ಹೇಗಿದೆ ನೋಡಿ ಎಂದೆ.

ಮೀನಿನ ಕೆನ್ನೆಯ ಮೂಳೆಯ ಮುಚ್ಚಳವನ್ನು ಎತ್ತಿ ನೋಡಿದವರಿಗೆ ಕೆಂಪು ಬಾಚಣಿಗೆಯಂಥ ಕಿವಿರು ಗೊತ್ತು. ಪ್ರತಿ ಪಕ್ಕದಲ್ಲಿ ನಾಲ್ಕು ಕಮಾನುಗಳು, ಒಂದೊಂದರ ಮೇಲೂ ಎರಡು ಸಾಲು ಎಳೆಗಳು, ಎಳೆಗಳ ಮೇಲೆ ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ತೆಳುವಾದ ರಕ್ತದ ಪದರಗಳು. ಮೀನು ಬಾಯಿ ತೆರೆದು ನೀರು ತುಂಬಿಕೊಳ್ಳುತ್ತದೆ. ಬಾಯಿ ಮುಚ್ಚಿದಾಗ ಆ ನೀರು ಕಿವಿರನ್ನು ಹಾಯ್ದು ಮುಚ್ಚಳದ ಸಂದಿಯಿಂದ ಹೊರಬೀಳುತ್ತದೆ. (ರೋಹು ಕೊಯ್ದಾಗ ಸಿಗುವ ಬಿಳಿ ಬಲೂನನ್ನು ಶ್ವಾಸಕೋಶ ಎನ್ನುವವರಿದ್ದಾರೆ. ಅದು ತೇಲುವುದಕ್ಕೆ ಇರುವ ಗಾಳಿಚೀಲ.)

ನೀರು ಒಂದು ದಿಕ್ಕಿಗೆ ಹರಿದರೆ ಪದರಗಳೊಳಗಿನ ರಕ್ತ ಎದುರು ದಿಕ್ಕಿಗೆ ಹರಿಯುತ್ತದೆ. ಎರಡೂ ಜೊತೆಯಾಗಿ ಹರಿದಿದ್ದರೆ ಆಮ್ಲಜನಕ ಎರಡೂ ಕಡೆ ಸಮವಾದೊಡನೆ ಕೊಡುಕೊಳ್ಳುವುದು ನಿಂತುಬಿಡುತ್ತಿತ್ತು. ಎದುರು ಹರಿವಿನಿಂದ ರಕ್ತಕ್ಕೆ ಕೊನೆಯವರೆಗೂ ತನಗಿಂತ ಸಿರಿವಂತ ನೀರೇ ಎದುರಾಗುತ್ತದೆ. ಇಷ್ಟು ಜಿಪುಣತನ ಬೇಕೇಬೇಕು: ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, 25 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಹಿಡಿದಿಡುವುದು ಸುಮಾರು 8 ಮಿಲಿಗ್ರಾಂ ಮಾತ್ರ. ಹಾಗೆಂದು ದಡಕ್ಕೆಳೆದರೆ ಮೀನಿಗೆ ಸುಖವಿಲ್ಲ. ಎಳೆಗಳು ಒದ್ದೆ ಕೂದಲಿನಂತೆ ಅಂಟಿಕೊಂಡು, ಗಾಳಿಯ ನಡುವೆಯೇ ಉಸಿರು ಕಟ್ಟುತ್ತದೆ.

ಹಸಿರುಗಟ್ಟಿದ ಕೆರೆಯಲ್ಲಿ ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಉಸಿರಾಡಿ ಅದನ್ನು ತಿನ್ನುತ್ತದೆ. ಮೋಡವಿದ್ದರೆ ಹಗಲಿನ ಗಳಿಕೆಯೂ ಕಡಿಮೆ. ಹೀಗಾಗಿ ನಸುಕಿನಲ್ಲಿ ನೀರಿನ ಆಮ್ಲಜನಕ ಬರಿದಾಗಿರುತ್ತದೆ. ಗಾಳಿ ತಾಗುವ ಮೇಲ್ಪದರದಲ್ಲಿ ಮಾತ್ರ ಅಷ್ಟಿಷ್ಟು ಉಳಿದಿರುತ್ತದೆ, ಮೀನು ಬಾಯಿ ಬಿಡುವುದು ಆ ನೀರಿಗಾಗಿ.

ಕೊರವನ ಕಥೆ ಬೇರೆ. ಕಿವಿರಿನ ಮೇಲ್ಭಾಗದಲ್ಲಿ ಅದಕ್ಕೆ ಗಾಳಿ ಉಸಿರಾಡುವ ಪುಟ್ಟ ಕೋಣೆಯಿದೆ. ಮೇಲೆ ಬರಲು ಬಿಡದೆ ಬಲೆಯಲ್ಲಿ ನೀರೊಳಗೇ ಹಿಡಿದಿಟ್ಟರೆ ಮುಳುಗಿ ಸಾಯುವ ಮೀನು ಅದು! ಕಾಟ್ಲಾ ಸತ್ತು ಕೊರವ ಚುರುಕಾಗಿದ್ದರೆ ನನ್ನ ಅನುಮಾನ ಆಮ್ಲಜನಕದ ಮೇಲೆ. ಕೊರವ, ಕಪ್ಪೆ, ಮರಿಮೀನು ಎಲ್ಲವೂ ಒಟ್ಟಿಗೆ ತೇಲಿದ್ದರೆ ನೀರಿನ ಮಾದರಿ ತೆಗೆಯಲೇಬೇಕು.

ಅಂದು ಕೊರವ ಜೊಂಡಿನ ಮರೆಯಲ್ಲಿ ಆರಾಮವಾಗಿತ್ತು. ಸತ್ತವೆಲ್ಲ ದೊಡ್ಡ ಕಾಟ್ಲಾಗಳು. ಡೀಸೆಲ್ ಪಂಪ್ ಇಟ್ಟು ಕೆರೆಯ ನೀರನ್ನೇ ಎತ್ತರದಿಂದ ಕೆರೆಗೆ ಚಿಮ್ಮಿಸಿದೆವು. ಎಂಟರ ಬಿಸಿಲಿಗೆ ಉಳಿದವು ಕೆಳಗಿಳಿದವು. ಹಿಂದಿನ ವಾರ ಎರಡು ಟ್ರ್ಯಾಕ್ಟರ್ ಸಗಣಿ ಸುರಿಸಿದ್ದೆ ಎಂದು ಗುತ್ತಿಗೆದಾರರು ತಿಂಡಿಗೆ ಕುಳಿತಾಗ ಬಾಯಿಬಿಟ್ಟರು. ಸಗಣಿ ಕೊಳೆಯುವಾಗಲೂ ನೀರಿನ ಆಮ್ಲಜನಕವೇ ಖರ್ಚಾಗುತ್ತದೆ.