ಆರು ಚುಕ್ಕಿಯೊಳಗೆ ಜಪಾನಿನ ಕಾಗುಣಿತ

ಬ್ರೈಲ್ ಅಂದರೆ ಕಣ್ಣು ಕಾಣದವರು ಬೆರಳಿನಿಂದ ತಡವಿ ಓದುವ, ಆರು ಉಬ್ಬು ಚುಕ್ಕಿಗಳ ಲಿಪಿ. ಜಪಾನಿ ಬ್ರೈಲಿನಲ್ಲಿ 'ಅ' ಅಂದರೆ ಎಡಗಡೆ ಮೇಲಿನ ಒಂದೇ ಚುಕ್ಕಿ. ಬಲಗಡೆ ಕೆಳಗೆ ಇನ್ನೊಂದು ಚುಕ್ಕಿ ಸೇರಿಸಿದರೆ ಅದು 'ಕ'. ಆ ಕೆಳಗಿನ ಚುಕ್ಕಿಯನ್ನು ಹಾಗೇ ಇಟ್ಟುಕೊಂಡು ಮೇಲಿನವನ್ನು ಮಾತ್ರ ಬದಲಾಯಿಸುತ್ತಾ ಹೋದರೆ ಕಿ, ಕು, ಕೆ, ಕೊ. ಇದು ಕಾಗುಣಿತವೇ ಅಲ್ವಾ? ನನಗಂತೂ ಇದು ತಿಳಿದ ದಿನ ಬಹಳ ಖುಷಿಯಾಯಿತು.

1878ರಲ್ಲಿ ಫುರುಕಾವಾ ತಾಶಿರೋ ಕ್ಯೋಟೋದಲ್ಲಿ ಕುರುಡು ಮತ್ತು ಕಿವುಡು ಮಕ್ಕಳಿಗೆ ಶಾಲೆ ತೆರೆದಾಗ ಜಪಾನಿನಲ್ಲಿ ಬ್ರೈಲ್ ಇರಲಿಲ್ಲ. ಮರದ ಹಲಗೆಯಲ್ಲಿ ಕೆತ್ತಿದ ಅಕ್ಷರಗಳನ್ನು ಮಕ್ಕಳು ತಡವಿ ಕಲಿಯುತ್ತಿದ್ದರು. ಓದಬಹುದಿತ್ತು, ಆದರೆ ತಾವು ಬರೆದದ್ದನ್ನು ತಾವೇ ಮತ್ತೆ ಓದಿಕೊಳ್ಳುವುದು ಹೇಗೆ? ಟೋಕಿಯೋದ ಶಾಲೆಯಲ್ಲೂ ಇದೇ ಕಷ್ಟ. ಅಲ್ಲಿನ ಕೊನಿಶಿ ನೊಬುಹಾಚಿ 1887ರಲ್ಲಿ ಫ್ರಾನ್ಸಿನ ಲೂಯಿ ಬ್ರೈಲ್ ರೂಪಿಸಿದ ಲಿಪಿಯನ್ನು ಒಬ್ಬ ವಿದ್ಯಾರ್ಥಿಗೆ ಕಲಿಸಿ ನೋಡಿದರು. ಹುಡುಗ ಬೇಗ ಕಲಿತ. ಆದರೆ ಅದು ರೋಮನ್ ಅಕ್ಷರ, 'ಕ' ಬರೆಯಲು ಎರಡು ಅಕ್ಷರ ಬೇಕು.

ಜಪಾನಿಗೆ ಹೊಂದುವಂತೆ ಮಾಡಿ ಅಂತ ಕೊನಿಶಿ ಕೇಳಿದ್ದು ಅದೇ ಶಾಲೆಯ ಮೇಷ್ಟ್ರು ಇಶಿಕಾವಾ ಕುರಾಜಿ ಅವರನ್ನು. ಆರು ಚುಕ್ಕಿಯಿಂದ ಸಿಗುವುದು 63 ಆಕಾರ. ಸಾಲದು ಅನ್ನಿಸಿ ಇಶಿಕಾವಾ ಮೊದಲು 8 ಚುಕ್ಕಿ ಹಿಡಿದರು. ಆದರೆ ಅಷ್ಟು ದೊಡ್ಡದು ಬೆರಳ ತುದಿಗೆ ಒಂದೇ ಸಲಕ್ಕೆ ಸಿಗುವುದು ಕಷ್ಟ, ಬೇರೆ ದೇಶದ ಉಪಕರಣಗಳೂ ಕೆಲಸಕ್ಕೆ ಬರುವುದಿಲ್ಲ. ಕೊನೆಗೆ ಆರಕ್ಕೇ ಮರಳಿ, ಮೂರು ಚುಕ್ಕಿ ಸ್ವರಕ್ಕೆ, ಉಳಿದ ಮೂರು ವ್ಯಂಜನಕ್ಕೆ ಅಂತ ಹಂಚಿಬಿಟ್ಟರು. 'ಗ' ಬೇಕಾದರೆ 'ಕ' ಬರೆಯುವ ಮೊದಲು ಒಂಟಿ ಚುಕ್ಕಿಯ ಇನ್ನೊಂದು ಮನೆ (ಆರು ಚುಕ್ಕಿ ಕೂರುವ ಜಾಗವೇ ಒಂದು ಮನೆ). ಎಷ್ಟು ಸರಳ ನೋಡಿ! ಶಾಲೆಯ ಕಣ್ಣು ಕಾಣದ ವಿದ್ಯಾರ್ಥಿಗಳೂ ತಮ್ಮದೇ ಒಂದು ಯೋಜನೆ ಮುಂದಿಟ್ಟಿದ್ದರು. ಎಲ್ಲವನ್ನೂ ತೂಗಿ ನೋಡಿ, 1890ರ ನವೆಂಬರ್ 1ರಂದು ಶಾಲೆಯವರು ಇಶಿಕಾವಾ ಅವರ ಯೋಜನೆಯನ್ನೇ ಆರಿಸಿದರು.

ಇದು ಕಾಗುಣಿತದ ಹಾಗೆ ಕಾಣುವುದು ಸುಮ್ನೆ ಅಲ್ಲ. ಜಪಾನಿನವರು ತಮ್ಮ ಅಕ್ಷರಗಳನ್ನು ಅ, ಇ, ಉ, ಎ, ಒ ಅಂತ ಜೋಡಿಸಿಕೊಂಡಿದ್ದರ ಹಿಂದೆ, ಅಲ್ಲಿನ ಬೌದ್ಧ ಭಿಕ್ಷುಗಳು ಭಾರತದ ಸಿದ್ಧಂ ಲಿಪಿ ಕಲಿತ ಪ್ರಭಾವ ಇದೆ. ಆದರೆ ನಮ್ಮ ಕನ್ನಡ ಬ್ರೈಲಿನಲ್ಲಿ 'ಕ'ದ ಆಕಾರ ಇಂಗ್ಲಿಷಿನ 'ಕೆ'ಯದ್ದೇ, 'ಕಿ' ಬರೆಯಲು ಎರಡು ಮನೆ ಬೇಕು.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ಅಚ್ಚಿನ ಜಪಾನಿಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ, ಚೀನೀ ಅಕ್ಷರಗಳೇ ಪದದ ಗಡಿ ತೋರಿಸುತ್ತವೆ. ಬ್ರೈಲಿನಲ್ಲಿ ಬರೀ ಉಚ್ಚಾರಣೆ, ಹಾಗಾಗಿ ಅಲ್ಲಿ ಜಾಗ ಬಿಡಲೇಬೇಕು. 1922ರಲ್ಲಿ ಒಸಾಕಾದಲ್ಲಿ ಬ್ರೈಲ್ ಪತ್ರಿಕೆಯೇ ಶುರುವಾಯಿತು. 1928ರ ಮಹಾಚುನಾವಣೆಯಲ್ಲಿ ಕಣ್ಣು ಕಾಣದ ಮತದಾರರು ಅಭ್ಯರ್ಥಿಯ ಹೆಸರನ್ನು ಇದೇ ಚುಕ್ಕಿಗಳಲ್ಲಿ, ತಮ್ಮ ಕೈಯಾರೆ ಬರೆದು ಪೆಟ್ಟಿಗೆಗೆ ಹಾಕಿದರು.